ನರ್ಮದೆ ಬಂದರೂ ಗುಜರಾತ್ ರೈತನಿಗೆ ತಪ್ಪದ ಬರದ ಭೀತಿ: ಕರ್ನಾಟಕ ಕಲಿಯಬೇಕಾದ್ದೇನು?

ಅಹಮದಾಬಾದ್: ನಗರದ ನಡುವೆ ತುಂಬಿ ನಿಂತಿರುವ ಸಾಬರಮತಿಯನ್ನು ಕಂಡವರಿಗೆ ಗುಜರಾತ್‌ನಲ್ಲಿ ನೀರಿನ ಕೊರತೆ ಇದೆ ಎನಿಸುವುದೇ ಇಲ್ಲ. ಆದರೆ ರಿವರ್‌ಫ್ರಂಟ್‌ನಲ್ಲಿ ಕಾಣುವ ನೀರು ಬಹುಪಾಲು ನರ್ಮದಾ ಕಾಲುವೆಯದ್ದು. ವಡೋದರಾ ಭಾಗವನ್ನು ಹಾದು ರಾಜಸ್ಥಾನದ ಗಡಿವರೆಗೆ 458 ಕಿ.ಮೀ. ಸಾಗುವ ಈ ಮುಖ್ಯ ಕಾಲುವೆಯೇ ರಾಜ್ಯದ ಬರ ನಿರ್ವಹಣೆಯ ಬೆನ್ನೆಲುಬು. ಅದೊಂದನ್ನೇ ನಂಬಿದರೆ ಸಾಕೇ?

ಸಾಲದು ಎಂಬುದಕ್ಕೆ 2018 ಸಾಕ್ಷಿ. ಹಿಂದಿನ ಮುಂಗಾರಿನಲ್ಲಿ ಮಧ್ಯಪ್ರದೇಶದ ನರ್ಮದಾ ಕಣಿವೆಗೆ ಮಳೆ ಕೈಕೊಟ್ಟಿತ್ತು. ನ್ಯಾಯಮಂಡಳಿ 1979ರಲ್ಲಿ ಗುಜರಾತ್‌ಗೆ ಹಂಚಿದ್ದ 90 ಲಕ್ಷ ಎಕರೆ ಅಡಿಯಲ್ಲಿ ಸಿಕ್ಕಿದ್ದು ಅರ್ಧದಷ್ಟು. ಸರ್ದಾರ್ ಸರೋವರ ಲೋಕಾರ್ಪಣೆಗೊಂಡು ಆರು ತಿಂಗಳಾಗುವಷ್ಟರಲ್ಲಿ, ಮಾರ್ಚ್ 15ರ ನಂತರ ನೀರಾವರಿಗೆ ನೀರಿಲ್ಲ, ಬೇಸಿಗೆ ಬೆಳೆ ಇಡಬೇಡಿ ಎಂದು ಸರ್ಕಾರವೇ ರೈತರಿಗೆ ಹೇಳಬೇಕಾಯಿತು. ಕುಡಿಯುವ ನೀರಿಗೆ ಮೊದಲ ಆದ್ಯತೆ, ಸರಿಯೇ. ಆದರೆ ಕೊರತೆಯ ಹೊರೆ ಹೊತ್ತದ್ದು ಹೊಲ.

ನಿಜವಾದ ಕೆಲಸ ನಡೆದದ್ದು ಕಾಲುವೆಯಾಚೆ. ಸೌರಾಷ್ಟ್ರದ ಕಲ್ಲುನೆಲದಲ್ಲಿ ಬಾವಿಗಳು ಬೇಗ ತುಂಬಿ ಬೇಗ ಬತ್ತುತ್ತವೆ. ಅಲ್ಲಿ 2000ದಲ್ಲಿ ಆರಂಭವಾದ ಸಹಭಾಗಿತ್ವ ಯೋಜನೆಯಲ್ಲಿ ಚೆಕ್‌ಡ್ಯಾಂ ವೆಚ್ಚದ ಶೇ 60 ಸರ್ಕಾರದ್ದು, ಶೇ 40 ಊರಿನವರದ್ದು ಎಂದಿತ್ತು. ತನ್ನ ಗಂಟು ಹಾಕಿ ಕಟ್ಟಿದ ಒಡ್ಡಿನ ಹೂಳನ್ನು ರೈತ ತಾನೇ ತೆಗೆಯುತ್ತಾನೆ. ಗುತ್ತಿಗೆದಾರನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಆದರೂ ಸತತ ಎರಡು ವರ್ಷ ಮಳೆ ಬಾರದಿದ್ದರೆ ಚೆಕ್‌ಡ್ಯಾಂ ಏನನ್ನು ಹಿಡಿದಿಡೀತು? ಮೇಲಿನ ಊರು ತಡೆದ ನೀರು ಕೆಳಗಿನ ಜಲಾಶಯಕ್ಕೆ ಖೋತಾ ಎಂಬ ತಕರಾರೂ ಇದೆ.

2003ರಲ್ಲಿ ಶುರುವಾದ ಜ್ಯೋತಿಗ್ರಾಮ ಯೋಜನೆ ಪಂಪ್‌ಸೆಟ್‌ಗಳಿಗೆ ಪ್ರತ್ಯೇಕ ಫೀಡರ್ ಹಾಕಿ ದಿನಕ್ಕೆ ಎಂಟು ಗಂಟೆ ವಿದ್ಯುತ್‌ಗೆ ಮಿತಿ ಹೇರಿತು. ಹನಿ ನೀರಾವರಿ ಸಹಾಯಧನಕ್ಕೆಂದೇ 2005ರಲ್ಲಿ ವಡೋದರಾದಲ್ಲಿ ಗುಜರಾತ್ ಹಸಿರು ಕ್ರಾಂತಿ ಕಂಪನಿ ಹುಟ್ಟಿಕೊಂಡಿತು.

ಸೂರತ್‌ನದ್ದು ಬೇರೆಯೇ ಕಥೆ. ಉಕಾಯಿ ಜಲಾಶಯದ ಆಸರೆಯಲ್ಲಿ ಅಲ್ಲಿ ಕಬ್ಬು, ಭತ್ತ. ಅಚ್ಚುಕಟ್ಟಿನ ಕೆಲವೆಡೆ ನೀರು ಹೆಚ್ಚಾಗಿ ಭೂಮಿ ಜೌಗಾಗಿದೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕದಲ್ಲಿ 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಕೃಷಿ ಹೊಂಡಗಳಿದ್ದವು, ತುಂಬಲು ಮಳೆ ಇರಲಿಲ್ಲ. ಚಿತ್ರದುರ್ಗ, ತುಮಕೂರಿನ ಕಣ್ಣೆಲ್ಲ ಭದ್ರಾ ಮೇಲ್ದಂಡೆಯ ಮೇಲೆ. ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಸೂಕ್ಷ್ಮ ನೀರಾವರಿ ಒದಗಿಸುವುದು ಅದರ ಗುರಿ. ಕೇಂದ್ರ ಬಜೆಟ್‌ನಲ್ಲಿ 2023ರಲ್ಲಿ ಘೋಷಿಸಿದ ₹5,300 ಕೋಟಿಗಾಗಿ ರಾಜ್ಯ ಮತ್ತೆ ಮತ್ತೆ ದೆಹಲಿಯ ಕದ ತಟ್ಟಬೇಕಾಯಿತು.