ಈ ಬೆಳಗುವ ಪರದೆ ಯಾರಿಗಾಗಿ?



ನರ್ಸರಿ ಶಾಲೆಗೆ ಮಗುವನ್ನು ಸೇರಿಸುವಾಗ ತಂದೆತಾಯಿಯರಾದ ನೀವು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಸ್ಮಾರ್ಟ್ ಕ್ಲಾಸ್ ಇದೆಯೇ?’ ಎಂಬುದೂ ಒಂದು. ನಮ್ಮ ಧರ್ಮಕೇಂದ್ರಗಳ ಶಾಲೆಗಳೂ ಈ ಪ್ರಶ್ನೆಗೆ ಸಿದ್ಧವಾಗಿಯೇ ಇರುತ್ತವೆ. ಎಲ್.ಕೆ.ಜಿ. ಕೊಠಡಿಯ ಗೋಡೆಯ ಮೇಲೆ ದೊಡ್ಡ ಪರದೆ ಬೆಳಗುತ್ತದೆ. ಅದರ ಚಿತ್ರ ಕರಪತ್ರದಲ್ಲಿ ಅಚ್ಚಾಗುತ್ತದೆ. ಆದರೆ ಶ್ರವಣ ಸಾಧನ ತೊಟ್ಟ ಮಗುವಿನ ಕೈಹಿಡಿದು ಬಂದ ತಾಯಿಗೆ ಸಿಗುವ ಉತ್ತರವೇ ಬೇರೆ: ‘ವಿಶೇಷ ಶಾಲೆಗೆ ಸೇರಿಸಿಯಮ್ಮ, ನಮ್ಮಲ್ಲಿ ಅಂಥ ಸೌಲಭ್ಯವಿಲ್ಲ.’

ಈ ಉತ್ತರವನ್ನು ನಾನು ಒಪ್ಪಲಾರೆ. ಪರದೆಗೆ ಹಣವಿದ್ದ ಶಾಲೆಯಲ್ಲಿ ಈ ಮಗುವಿಗೆ ಮಾತ್ರ ಏಕೆ ಇಲ್ಲ? 3-4 ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕುಳಿತಿರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಯಾರಿಗೆ ಅಷ್ಟಾಗಿ ಬೇಕಿಲ್ಲವೋ ಅವರಿಗಾಗಿ ತಂತ್ರಜ್ಞಾನವನ್ನು ಕೊಂಡು, ಯಾರಿಗೆ ಅದಿಲ್ಲದೆ ಕಲಿಕೆಯೇ ಅಸಾಧ್ಯವೋ ಅವರನ್ನು ಹಿಂದಕ್ಕೆ ಕಳುಹಿಸುವುದು ಯಾವ ನ್ಯಾಯ?

ಬೇಕಾಗಿರುವುದು ಏನು ಎಂಬುದನ್ನು ನೋಡಿ. ಶ್ರವಣ ಸಾಧನವು ಹತ್ತಿರದ ಸದ್ದುಗಳೆಲ್ಲವನ್ನೂ ಹಿಗ್ಗಿಸುತ್ತದೆ. ದೂರ ಇಮ್ಮಡಿಯಾದಂತೆ ಶಿಕ್ಷಕಿಯ ದನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಕಾಂಕ್ರೀಟ್ ಗೋಡೆಗಳ ಪ್ರತಿಧ್ವನಿಯಲ್ಲಿ ಅದು ಮುಳುಗಿಯೇ ಹೋಗುತ್ತದೆ. ಶಿಕ್ಷಕಿ ಕೊರಳ ಬಳಿ ಧರಿಸುವ ಪುಟ್ಟ ಮೈಕು ಆ ದನಿಯನ್ನು ನೇರವಾಗಿ ಮಗುವಿನ ಸಾಧನಕ್ಕೆ ತಲುಪಿಸುತ್ತದೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಪ್ರತಿಧ್ವನಿಯೂ ತಗ್ಗುತ್ತದೆ. ಮಾತು ಬಾರದ ಮಗು ಚಿತ್ರವನ್ನು ಒತ್ತಿದರೆ ‘ನೀರು ಬೇಕು’ ಎಂದು ನುಡಿಯುವ ಸಾಧನಗಳಿವೆ. ಚೆನ್ನೈನಲ್ಲಿ ರೂಪುಗೊಂಡ ‘ಆವಾಝ್’ ಅಂಥದ್ದೊಂದು. ವಿದ್ಯುತ್ತೇ ಬೇಡದ, ರಟ್ಟಿನ ಮೇಲೆ ಅಂಟಿಸಿದ ಚಿತ್ರಗಳ ದಿನಚರಿಯೂ ಇದೇ ಬಗೆಯ ಸಾಧನ. ಅದರಿಂದ ಇಡೀ ತರಗತಿಗೇ ಪ್ರಯೋಜನ.

‘ಇತರ ಮಕ್ಕಳ ಕಲಿಕೆಗೆ ಅಡ್ಡಿಯಾಗುವುದಿಲ್ಲವೇ? ತರಬೇತಿ ಪಡೆದವರು ನಮ್ಮಲ್ಲಿಲ್ಲವಲ್ಲ?’ ಎಂದು ಕೆಲವರು ಕೇಳಬಹುದು. ಶಿಕ್ಷಕಿಯ ಮಾತು ಸ್ಪಷ್ಟವಾಗಿ ಕೇಳಿಸುವ ಕೊಠಡಿಯಿಂದ ಯಾವ ಮಗುವಿಗೆ ಅಡ್ಡಿ? ತರಬೇತಿಯ ಮಾತಿಗೆ ಬಂದರೆ, 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶ್ರವಣ ಸಾಧನಗಳಿಗೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ನೆರವೂ ಇದೆ. ಕೇಳಿ ತಿಳಿದುಕೊಳ್ಳುವ ಮನಸ್ಸು ಬೇಕಷ್ಟೆ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುವಂತೆ ಸರ್ಕಾರ ಶ್ರಮಿಸಬೇಕೆನ್ನುತ್ತದೆ. ಆದರೆ ಅದು ನೀಡುವ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದವರಿಗೆ. ಮಾತು ಕುದುರುವ ಅಮೂಲ್ಯ ವರ್ಷಗಳಾದರೋ ಅದಕ್ಕೂ ಮೊದಲೇ ಕಳೆದುಹೋಗುತ್ತವೆ. ಕಾನೂನಿನ ಈ ಬಿರುಕಿನಲ್ಲಿ ನಾವು ಅಡಗಿ ಕುಳಿತುಕೊಳ್ಳುವುದು ತರವಲ್ಲ. ವಿಕಲಚೇತನ ಮಕ್ಕಳಿಗಾಗಿ ಅಂಗನವಾಡಿಗಳಿಗೆ 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಮಾರ್ಗಸೂಚಿಯನ್ನೇ ನೀಡಿತು. ಅಲ್ಪ ಗೌರವಧನಕ್ಕೆ ದುಡಿಯುವ ಅಂಗನವಾಡಿ ಕಾರ್ಯಕರ್ತೆಯಿಂದ ನಿರೀಕ್ಷಿಸುವುದನ್ನು ಶುಲ್ಕ ಪಡೆಯುವ ನಮ್ಮ ಶಾಲೆಗಳಿಂದ ನಿರೀಕ್ಷಿಸಬಾರದೇ?

ಆದ್ದರಿಂದ ಓದುಗರೇ, ಮುಂದಿನ ಬಾರಿ ಶಾಲೆಯ ಕಚೇರಿಯಲ್ಲಿ ಕುಳಿತಾಗ ಪರದೆಯ ಅಳತೆಯನ್ನು ವಿಚಾರಿಸಬೇಡಿ. ‘ಕಿವಿ ಕೇಳಿಸದ, ಮಾತು ಬಾರದ ಎಷ್ಟು ಮಕ್ಕಳು ಈ ತರಗತಿಯಲ್ಲಿದ್ದಾರೆ? ಅವರಿಗಾಗಿ ಏನು ಮಾಡಿದ್ದೀರಿ?’ ಎಂದು ಕೇಳಿ. ನಿಮ್ಮ ಮಗು ಆರೋಗ್ಯವಂತವಾಗಿದ್ದರೂ ಕೇಳಿ. ಅಂಥ ಮಗುವಿನ ತಾಯಿ ಒಬ್ಬಳೇ ಕೇಳಿದರೆ ಅದು ಬೇಡಿಕೆಯಾಗಿ ಉಳಿಯುತ್ತದೆ; ನೀವೆಲ್ಲರೂ ಕೇಳಿದರೆ ಆಡಳಿತ ಮಂಡಳಿ ಮುಂದಿನ ವರ್ಷದ ಆಯವ್ಯಯದಲ್ಲಿ ಅದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.