ಸಭೆಯಿಲ್ಲದ ನಗರಸಭೆ

ಪಿಂಪ್ರಿ-ಚಿಂಚವಾಡದ ಕನ್ನಡಿಗರು ಸೇರುವಲ್ಲೆಲ್ಲ ಎರಡು ಮಾತುಗಳನ್ನು ಮತ್ತೆ ಮತ್ತೆ ಕೇಳುತ್ತೇನೆ. ಮೊದಲನೆಯದು: ನಗರಸೇವಕರಿಂದ ಊರಿಗೆ ಆಗುವುದೇನಿದೆ, ದಕ್ಷನಾದ ಒಬ್ಬ ಆಯುಕ್ತನಿದ್ದರೆ ಸಾಕು. ಎರಡನೆಯದು: ಇದು ನಮ್ಮ ಊರಲ್ಲ, ಇಲ್ಲಿಯ ರಾಜಕಾರಣ ನಮಗೇಕೆ. 2022ರ ಮಾರ್ಚ್‌ನಲ್ಲಿ ಇಲ್ಲಿಯ ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮೀಸಲಾತಿ ಮತ್ತು ವಾರ್ಡು ರಚನೆಯ ವ್ಯಾಜ್ಯಗಳ ನಡುವೆ ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ಸುಮಾರು ನಾಲ್ಕು ವರ್ಷ ಆಯುಕ್ತರೇ ಆಡಳಿತಾಧಿಕಾರಿಗಳು. ಪ್ರಸ್ತಾವ ಮಂಡಿಸುವ ಕೈಯೂ ಅದೇ, ಮಂಜೂರು ಮಾಡುವ ಕೈಯೂ ಅದೇ. ನಮ್ಮಲ್ಲಿ ಬಹುಮಂದಿ ಇದನ್ನೊಂದು ಕೊರತೆಯೆಂದು ಗಮನಿಸಲೇ ಇಲ್ಲ. ಕೆಲವರಂತೂ ನೆಮ್ಮದಿಯೆಂದೇ ಬಗೆದರು. ಆ ಎರಡೂ ಮಾತುಗಳು ಎಷ್ಟು ತಪ್ಪೆಂದು ತಿಳಿಯಲು ದೂರ ಹೋಗಬೇಕಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಪುಣೆ ನಗರಸಭೆಯ ಕಡೆ ಒಮ್ಮೆ ತಿರುಗಿ ನೋಡಿದರೆ ಸಾಕು.

ಆ ನಗರಸಭೆಯ ನಿತ್ಯದ ಕೆಲಸದಲ್ಲಿ ಕಣ್ಣು ಸೆಳೆಯುವಂಥದ್ದು ಏನೂ ಇರಲಿಲ್ಲ. 1901ರ ಮುಂಬಯಿ ಜಿಲ್ಲಾ ಪುರಸಭೆಗಳ ಕಾಯ್ದೆ ಅದರ ಮೇಲೆ ಹೊರಿಸಿದ್ದ ಕರ್ತವ್ಯಗಳ ಪಟ್ಟಿಯನ್ನೇ ನೋಡಿ: ಬೀದಿ ಗುಡಿಸುವುದು, ಬೀದಿಗೆ ನೀರು ಚಿಮುಕಿಸುವುದು, ದೀಪ ಹಚ್ಚುವುದು, ಗಟಾರ ಬಳಿಯುವುದು, ಮಲ ಸಾಗಿಸುವುದು, ಬೆಂಕಿ ಆರಿಸುವುದು, ಮೈಲಿ ಹಾಕಿಸುವುದು, ಹುಟ್ಟುಸಾವುಗಳನ್ನು ಬರೆದಿಡುವುದು, ಪ್ರಾಥಮಿಕ ಶಾಲೆ ನಡೆಸುವುದು. ಇವುಗಳ ಖರ್ಚಿಗೆ ಮನೆಯ ಮೇಲೆ, ಗಾಡಿಯ ಮೇಲೆ, ನಾಯಿಯ ಮೇಲೆ ಕೂಡ ಕರ ಹಾಕಬಹುದಿತ್ತು. ಊರೊಳಗೆ ಬರುವ ಸರಕಿಗೆ ಜಕಾತಿ ವಸೂಲು ಮಾಡಬಹುದಿತ್ತು. ಇದರಲ್ಲಿ ಕಾವ್ಯವೂ ಇಲ್ಲ, ರೋಮಾಂಚನವೂ ಇಲ್ಲ. ಆದರೆ ಯಾವ ಬೀದಿಗೆ ದೀಪ, ಯಾವ ಪೇಟೆಗೆ ಗಟಾರ, ಯಾರ ಮನೆಗೆ ಎಷ್ಟು ಕರ ಎಂಬುದನ್ನು ಸಭೆ ಕರೆದು, ವಿಷಯಪಟ್ಟಿ ಮುಂದಿಟ್ಟು, ವಾದಿಸಿ, ಠರಾವು ಮಾಡಿ, ನಡಾವಳಿಯಲ್ಲಿ ಬರೆದಿಡಬೇಕಾಗಿತ್ತು. ನಾನು ಎತ್ತಿ ಹಿಡಿಯುತ್ತಿರುವುದು ಆ ಪದ್ಧತಿಯನ್ನು.

ಸಭೆಯನ್ನು ಬದಿಗೆ ಸರಿಸಿ ದಕ್ಷ ಅಧಿಕಾರಿಯೊಬ್ಬನ ಕೈಗೆ ಊರನ್ನು ಒಪ್ಪಿಸಿದರೆ ಏನಾಗುತ್ತದೆಂಬುದನ್ನು ಇದೇ ನೆಲ ಒಮ್ಮೆ ಕಂಡಿದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸರಕಾರ ವಿಶೇಷ ಸಮಿತಿಯೊಂದನ್ನು ನೇಮಿಸಿ ರ‍್ಯಾಂಡ್ ಎಂಬ ಐಸಿಎಸ್ ಅಧಿಕಾರಿಯನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಅವನು ಸೋಮಾರಿಯಾಗಿರಲಿಲ್ಲ, ಲಂಚಕೋರನೆಂದೂ ಯಾರೂ ದೂರಲಿಲ್ಲ. ಆದರೆ ಸೈನಿಕರು ಮನೆಮನೆಗೆ ನುಗ್ಗಿ ಹುಡುಕಿದರು. ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಒಯ್ದರು. ಊರು ಹೇಳಿದ್ದನ್ನು ಕೇಳಿಸಿಕೊಳ್ಳಲೇಬೇಕಾದ ನಿರ್ಬಂಧ ಆ ಅಧಿಕಾರಕ್ಕೆ ಇರಲಿಲ್ಲ. ಜೂನ್ 22ರ ರಾತ್ರಿ ರ‍್ಯಾಂಡ್‌ಗೆ ಗುಂಡು ಹೊಡೆದ ಚಾಪೇಕರ್ ಸಹೋದರರು ಚಿಂಚವಾಡದವರು. ಅವರ ಹೆಸರಿನ ಚೌಕವನ್ನು ದಾಟಿಯೇ ನಮ್ಮಲ್ಲಿ ಎಷ್ಟೋ ಜನ ದಿನವೂ ಕೆಲಸಕ್ಕೆ ಹೋಗುತ್ತೇವೆ. ಆ ಕೊಲೆಯನ್ನು ಹೇಗೆ ತೂಗಬೇಕೆಂಬುದು ಬೇರೆಯೇ ಚರ್ಚೆ. ಆದರೆ ದಕ್ಷತೆಯೊಂದೇ ಸಾಕೆನ್ನುವವರು ಆ ಚೌಕದಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು.

ಆ ಅನುಭವದಿಂದ ಪುಣೆಯ ಹಿರಿಯರು ಕಲಿತ ಪಾಠ ಬೇರೆಯದು. ಗೋಪಾಲಕೃಷ್ಣ ಗೋಖಲೆಯವರು ಹೊಸ ಶತಮಾನದ ಮೊದಲ ದಶಕದಲ್ಲಿ ಕಲಕತ್ತೆಯ ಕೇಂದ್ರ ಶಾಸನಸಭೆಯಲ್ಲಿ ಇಡೀ ದೇಶದ ಆಯವ್ಯಯವನ್ನು ಪ್ರಶ್ನಿಸುತ್ತಿದ್ದರು. ಅದೇ ವರ್ಷಗಳಲ್ಲಿ ಅವರು ಪುಣೆ ನಗರಸಭೆಯ ಅಧ್ಯಕ್ಷರೂ ಆಗಿದ್ದರು. ಸಾಮ್ರಾಜ್ಯದ ಲೆಕ್ಕ ಕೇಳುವವನಿಗೆ ಊರಿನ ಗಟಾರದ ಲೆಕ್ಕ ಕೀಳೆನಿಸಲಿಲ್ಲ. ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸಲು 1911ರಲ್ಲಿ ಅವರು ಮಂಡಿಸಿದ ಮಸೂದೆ ಆ ಹೊಣೆಯನ್ನು ವಹಿಸಿದ್ದು ನಗರಸಭೆಗಳಿಗೆ ಮತ್ತು ಜಿಲ್ಲಾ ಬೋರ್ಡುಗಳಿಗೆ. ಆ ಮಸೂದೆ ಬಿದ್ದುಹೋಯಿತು. ಆದರೆ 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದ ನಗರಸಭೆಗಳಿಗೆ ಆ ಅಧಿಕಾರ ದೊರೆಯಿತು.

ಆಗ ಪುಣೆ ನಗರಸಭೆಯ ಮುಂದೆ ಬಂದ ಪ್ರಶ್ನೆ ಮೇಲುನೋಟಕ್ಕೆ ಬರೀ ಲೆಕ್ಕಪತ್ರದ್ದು: ಹಣ ಸಾಲದು, ಆದ್ದರಿಂದ ಸದ್ಯಕ್ಕೆ ಗಂಡುಮಕ್ಕಳಿಗೆ ಮಾತ್ರ ಶಿಕ್ಷಣ ಕಡ್ಡಾಯವಾಗಲಿ ಎಂಬುದು ಒಂದು ಪಕ್ಷದ ವಾದ. ಹೆಣ್ಣುಮಕ್ಕಳನ್ನು ಬಿಡಕೂಡದೆಂದು 1920ರ ಸುಮಾರಿಗೆ ರಮಾಬಾಯಿ ರಾನಡೆಯವರ ಮುಂದಾಳುತನದಲ್ಲಿ ಹೆಂಗಸರು ಪುಣೆಯ ಬೀದಿಯಲ್ಲಿ ಮೆರವಣಿಗೆ ಹೊರಟರು. ಅಂದಾಜುಪತ್ರದ ಒಂದು ಸಾಲಿನಲ್ಲಿ ಊರಿನ ಅರ್ಧದಷ್ಟು ಮಕ್ಕಳ ಭವಿಷ್ಯ ಅಡಗಿದೆಯೆಂದು ಅವರು ಕಂಡುಕೊಂಡಿದ್ದರು. ಸಭೆಯೊಂದು ಇದ್ದುದರಿಂದಲೇ ಆ ಹೆಂಗಸರಿಗೆ ಹೋಗಿ ಕೇಳಲು ಒಂದು ಬಾಗಿಲಿತ್ತು. ಅದೇ ನಿರ್ಧಾರ ಒಬ್ಬ ಅಧಿಕಾರಿಯ ಮೇಜಿನ ಮೇಲೆ ಒಂದು ಸಹಿಯಿಂದ ಮುಗಿದಿದ್ದರೆ ಮೆರವಣಿಗೆ ಎಲ್ಲಿಗೆ ಹೋಗಬೇಕಿತ್ತು?

ಆ ಕಾಲವೇ ಚಿನ್ನದ ಕಾಲವೆಂದು ನಾನು ಹೇಳುತ್ತಿಲ್ಲ. ಮತದ ಹಕ್ಕು ಆಸ್ತಿ ಉಳ್ಳವರಿಗೆ, ಕರ ತೆರುವವರಿಗೆ ಸೀಮಿತವಾಗಿತ್ತು. ಸದಸ್ಯರಲ್ಲಿ ಒಂದು ಭಾಗ ಸರಕಾರದ ನಾಮಕರಣದಿಂದ ಬರುತ್ತಿತ್ತು. ಮಲದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಊರನ್ನು ಬದುಕಿಸಿದವರಿಗೆ ಆ ಸಭೆಯಲ್ಲಿ ದನಿಯಿರಲಿಲ್ಲ. ಅವರ ಕೆಲಸ ನಡಾವಳಿಯಲ್ಲಿ ಖರ್ಚಿನ ಬಾಬಾಗಿ ಬಂತೇ ಹೊರತು ಅವರ ಹೆಸರು ಬರಲಿಲ್ಲ. ಮಲಹೊರುವ ಪದ್ಧತಿಯನ್ನು ನಿಷೇಧಿಸಲು ಈ ದೇಶಕ್ಕೆ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬೇಕಾದವು. ಆದರೆ ಈ ದೋಷದ ಸ್ವರೂಪವನ್ನು ಸರಿಯಾಗಿ ಗುರುತಿಸಬೇಕು. ಸಭೆಯಲ್ಲಿ ಕೂರಬೇಕಾದವರು ಕೂರಲಿಲ್ಲವೆಂಬುದು ಆ ನಗರಸಭೆಯ ದೋಷ. ಅದಕ್ಕೆ ಪರಿಹಾರ ಸಭೆಯನ್ನು ಹಿಗ್ಗಿಸುವುದೇ ಹೊರತು ಮುಚ್ಚುವುದಲ್ಲ. ನಮ್ಮ ಹಿರಿಯರು ಎಲ್ಲರಿಗೂ ಮತದ ಹಕ್ಕು ತಂದುಕೊಟ್ಟು ಅದನ್ನು ಹಿಗ್ಗಿಸಿದರು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು 74ನೆಯ ತಿದ್ದುಪಡಿ ಸಂವಿಧಾನದಲ್ಲೇ ಬರೆಯಿತು. ಅದನ್ನು ಮೀರಿ ನಾಲ್ಕು ವರ್ಷ ಕಳೆದಾಗ ನಾವು ಸುಮ್ಮನಿದ್ದೆವು. ತವರಿನ ಕಡೆ ಬೆರಳು ತೋರಿ ಸಮಾಧಾನಪಡುವಂತೆಯೂ ಇಲ್ಲ: ಬೆಂಗಳೂರಿನ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಅಲ್ಲಿಯೂ ವರ್ಷಗಟ್ಟಲೆ ಇದೇ ಕಥೆ.

ನಗರಸೇವಕರು ಭ್ರಷ್ಟರಲ್ಲವೇ ಎಂಬ ಆಕ್ಷೇಪ ಬರುತ್ತದೆ. ಕೆಲವರು ಭ್ರಷ್ಟರಿರಬಹುದು. ಆದರೆ ಸಭೆಯಲ್ಲಿ ಒಬ್ಬನ ಲಾಭ ಇನ್ನೊಬ್ಬನ ಕಣ್ಣಿಗೆ ಬೀಳುತ್ತದೆ. ವಿರೋಧಿಯ ಪ್ರಶ್ನೆ ದ್ವೇಷದಿಂದಲೇ ಹುಟ್ಟಿದ್ದರೂ ಉತ್ತರ ಕಾಗದದ ಮೇಲೆ ಉಳಿಯುತ್ತದೆ. ಸಭೆಯೇ ಇಲ್ಲದಾಗ ಭ್ರಷ್ಟಾಚಾರ ಅಳಿಯುವುದಿಲ್ಲ, ಕಾಣುವುದು ನಿಲ್ಲುತ್ತದೆ ಅಷ್ಟೆ. ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ವರ್ಗವಾಗಿ ಹೋಗುವ ಅಧಿಕಾರಿಯನ್ನು ಮತದಾರ ಯಾವ ದಾರಿಯಿಂದ ಲೆಕ್ಕ ಕೇಳಬೇಕು?

ಇನ್ನು ಎರಡನೆಯ ಮಾತು, ಇದು ನಮ್ಮ ಊರಲ್ಲವೆಂಬುದು. ಪುಣೆ ನಗರಸಭೆಯನ್ನು ಆಳಿದ ಆ 1901ರ ಕಾಯ್ದೆಯೇ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಾಪುರಗಳ ಪುರಸಭೆಗಳನ್ನೂ ಆಳಿತು. ಪುಣೆಯ ವ್ಯಾಪಾರಿಯೂ ಹುಬ್ಬಳ್ಳಿಯ ವ್ಯಾಪಾರಿಯೂ ಜಕಾತಿ ತೆತ್ತದ್ದು ಒಂದೇ ಕಾನೂನಿನಡಿ. ಠರಾವು, ಜಕಾತಿ, ಗಟಾರ ಎಂಬ ಮಾತುಗಳು ಉತ್ತರ ಕರ್ನಾಟಕದ ಕನ್ನಡದಲ್ಲೂ ಇಲ್ಲಿಯ ಮರಾಠಿಯಲ್ಲೂ ಒಂದೇ ಬಗೆಯಾಗಿ ಕೇಳಿಸುವುದರ ಹಿಂದೆ ಈ ಒಡನಾಟವೂ ಇದೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು, ನಿಜ. ಆದರೆ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಬಂದಂದಿನಿಂದ ಈ ಊರನ್ನು ಕಟ್ಟಿದ ಕೈಗಳಲ್ಲಿ ಕನ್ನಡದ ಕೈಗಳೂ ಇವೆ. 1970ರಲ್ಲಿ ನಗರಪರಿಷತ್ತಾಗಿ ಹುಟ್ಟಿ 1982ರಲ್ಲಿ ಮಹಾನಗರಪಾಲಿಕೆಯಾದ ಈ ಊರು ಏಷ್ಯಾದಲ್ಲೇ ಶ್ರೀಮಂತವೆಂದು ಹೆಮ್ಮೆಪಟ್ಟದ್ದು ಕಾರ್ಖಾನೆಗಳ ಸರಕಿನಿಂದ ಬಂದ ಜಕಾತಿಯ ಬಲದಿಂದ. ಆ ಸರಕನ್ನು ಮಾಡಿದವರಲ್ಲಿ ನಾವೂ ಇದ್ದೆವು. 2019ರ ನವೆಂಬರಿನಿಂದ ಪವನಾ ನದಿಯ ನೀರು ದಿನ ಬಿಟ್ಟು ದಿನ ನಳಕ್ಕೆ ಬರತೊಡಗಿದಾಗ ಅದು ಮರಾಠಿಯವರ ಮನೆಗೊಂದು ಬಗೆ, ಕನ್ನಡದವರ ಮನೆಗೊಂದು ಬಗೆ ಎಂದು ಬರಲಿಲ್ಲ. ನೀರು ಹಂಚಿಕೊಳ್ಳುವವರು, ಕರ ತೆರುವವರು, ಮತಪಟ್ಟಿಯಲ್ಲಿ ಹೆಸರಿರುವವರು, ಸಭೆಯ ವಿಷಯ ಬಂದಾಗ ಮಾತ್ರ ಅತಿಥಿಗಳಾಗುವುದು ವಿನಯವಲ್ಲ, ಹೊಣೆಗೇಡಿತನ.

ಈ ಹೊಣೆಗೇಡಿತನದಲ್ಲಿ ನಮ್ಮ ಬರವಣಿಗೆಯ ಪಾಲೂ ಇದೆ. ಬಿಟ್ಟುಬಂದ ಊರಿನ ತುಳಸಿಕಟ್ಟೆಯ ಬಗ್ಗೆ, ಬತ್ತಿದ ಬಾವಿಯ ಬಗ್ಗೆ ನಾವು ಬರೆದದ್ದಕ್ಕೆ ಲೆಕ್ಕವಿಲ್ಲ. ಕಣ್ಣೆದುರಿನ ಪವನೆಯ ನೊರೆಯ ಬಗ್ಗೆ, ಮುಂಜಾನೆ ನಮ್ಮ ಬೀದಿ ಗುಡಿಸುವ ಹೆಂಗಸಿಗೆ ಗುತ್ತಿಗೆದಾರ ಕೊಡುವ ಕೂಲಿಯ ಬಗ್ಗೆ ಎಷ್ಟು ಬರೆದಿದ್ದೇವೆ? ರಾಜ್ಯೋತ್ಸವದ ವೇದಿಕೆಗೆ ನಗರಸೇವಕರನ್ನು ಕರೆದು ಶಾಲು ಹೊದಿಸುತ್ತೇವೆ. ವಾರ್ಡಿನ ಅಂದಾಜುಪತ್ರದ ಬಗ್ಗೆ ಒಂದು ಪ್ರಶ್ನೆ ಕೇಳುವುದಿಲ್ಲ.

ಈಗ ಚುನಾಯಿತ ಸಭೆ ಮರಳಿ ಬಂದಿದೆ. ನಮ್ಮ ಬಳಗದ ತಿಂಗಳ ಕೂಟಗಳಲ್ಲಿ ಒಂದನ್ನಾದರೂ ಈ ವರ್ಷ ಪಾಲಿಕೆಯ ಆಯವ್ಯಯವನ್ನು ಓದಲು ಮೀಸಲಿಡೋಣವೆಂಬುದು ನನ್ನ ಸೂಚನೆ. ಓದಿ, ನಮ್ಮ ವಾರ್ಡಿನ ನೀರು, ಗಟಾರ, ಶಾಲೆಗಳ ಬಗ್ಗೆ ಮೂರು ಪ್ರಶ್ನೆಗಳನ್ನು ಮರಾಠಿಯಲ್ಲೇ ಬರೆದು ನಮ್ಮ ಸದಸ್ಯರಿಗೆ ಕೊಡೋಣ. ಬಂದ ಉತ್ತರವನ್ನು, ಬಾರದಿದ್ದರೆ ಬಾರದ ಸಂಗತಿಯನ್ನು, ಇಲ್ಲಿಯೇ ಕನ್ನಡದಲ್ಲಿ ಪ್ರಕಟಿಸೋಣ.