ಡಬ್ಬಿಯ ಮೇಲಿನ ಬಣ್ಣ

ಹತ್ತಿ ಹೊಲದಲ್ಲಿ ತಂದೆಯೊಡನೆ ಎಣ್ಣಿ ಹೊಡೆಯಲು ಹೋಗಿದ್ದ ನನ್ನ ವಿದ್ಯಾರ್ಥಿಯೊಬ್ಬ ತಲೆ ಸುತ್ತಿ ಬಿದ್ದ. ಪುಣ್ಯಕ್ಕೆ ಬದುಕಿದ. “ಡಬ್ಬಿ ಮ್ಯಾಲೆ ಯಾವ ಬಣ್ಣ ಇತ್ತಪ್ಪಾ?” ಎಂದೆ. “ನೋಡಲಿಲ್ರೀ ಸರ್” ಎಂದ.

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಗುರುತಿರುತ್ತದೆ. ಅದರ ಕೆಳಭಾಗ ಕೆಂಪಾಗಿದ್ದರೆ ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಎಂದಂತೆ ತೀವ್ರತೆ ಇಳಿಯುತ್ತದೆ. ಆದರೆ ಹಸಿರೂ ವಿಷವೇ. ಅದು ಚರ್ಮದಿಂದಲೂ ಒಳಸೇರುತ್ತದೆ. ಬೆವರಿದ ಮೈಯಲ್ಲಿ ಇನ್ನೂ ಬೇಗ.

ಮಕ್ಕಳೇ, ಪಂಪು ನೀವು ಹೊರಬೇಡಿರಿ. ಚೀಟಿ ಓದಿ ಅಪ್ಪನಿಗೆ ಹೇಳಿರಿ. ಪಾಲಕರೇ, ಮೈತುಂಬ ಬಟ್ಟೆ, ಕೈಗವಸು ತೊಟ್ಟು, ಮೂಗು ಬಾಯಿ ಮುಚ್ಚಿಕೊಂಡು, ಗಾಳಿಗೆ ಬೆನ್ನು ಮಾಡಿ ಹೊಡೆಯಿರಿ. ಸಂಶಯವಿದ್ದರೆ ನಮ್ಮ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ.

ಆ ಹುಡುಗ ಈಗ ಪ್ರತಿ ಡಬ್ಬಿಯನ್ನೂ ತಂದೆಗೆ ಓದಿ ಹೇಳುತ್ತಾನೆ. ಕಲಿತ ಅಕ್ಷರ ಮನೆಗೆ ಕಾವಲಾಯಿತು.